ಐದನೇ ಪುಸ್ತಕದ ಕೊಕ್ಕರೆ

ಎರಡನೇ ಮಹಡಿಯ ಬಾಡಿಗೆ ಮನೆಯ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿದ್ದು ಒಂದು ಕೊಕ್ಕರೆಯ ದೆಸೆಯಿಂದ. ನಗುವವರು ನಗಲಿ. ಆ ಕೊಕ್ಕರೆಗೆ ಮಾತು ಕಲಿಸಿದವಳು ನಾನು. ವರ್ಷಗಟ್ಟಲೆ ನಮ್ಮ ಮಂಚದ ಮೇಲೆ, ನನ್ನ ಬಾಯಲ್ಲಿ ಬದುಕಿದ್ದ ಹಕ್ಕಿ ಒಂದು ದಿನ ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಅವಳ ಮನೆ ಸೇರಿಕೊಂಡರೆ, ನನ್ನ ಜಾಗದಲ್ಲಿ ಯಾರಿದ್ದರೂ ಸುಮ್ಮನಿರುತ್ತಿರಲಿಲ್ಲ.

ಕೊಕ್ಕರೆ ಇದ್ದದ್ದು ಪುಸ್ತಕದಲ್ಲಿ. ಇಂಗ್ಲಿಷಿನ ಹಳೆಯ ಮಕ್ಕಳ ಕಥೆ, ಒಂದರ ಹಿಂದೆ ಒಂದು ಬಂದ ಪುಸ್ತಕಗಳು. ಅಕ್ಕ ತಂಗಿ ಇಬ್ಬರು ಹುಡುಗಿಯರು ಅಜ್ಜಿಯ ಮನೆಯ ಹಿಂದಿನ ಹೊಳೆಗೆ ಇಳಿದರೆ ಆಚೆ ದಡದಲ್ಲಿ ಬೇರೆಯೇ ಒಂದು ರಾಜ್ಯ. ಅಲ್ಲಿ ಮರಗಳು ಒಂದರ ಜೊತೆ ಒಂದು ಜಗಳವಾಡುತ್ತವೆ, ನರಿ ಅಂಗಡಿ ಇಟ್ಟಿರುತ್ತದೆ. ಆದರೆ ಹೊಳೆ ದಾಟಬೇಕಾದರೆ ನಡುನೀರಿನಲ್ಲಿ ಒಂಟಿ ಕಾಲಲ್ಲಿ ನಿಂತಿರುವ ಮುದಿ ಕೊಕ್ಕರೆ ಒಪ್ಪಬೇಕು. ಅದು ರೆಕ್ಕೆ ಎತ್ತಿದರೆ ನೀರು ಸರಿದು ದಾರಿಯಾಗುತ್ತದೆ, ಎತ್ತದಿದ್ದರೆ ವಾಪಸ್ ಮನೆಗೆ. ಮೊದಲನೇ ಪುಸ್ತಕ ಮಗಳಿಗೆ ಶಾಲೆಯಲ್ಲಿ ಬಹುಮಾನವಾಗಿ ಬಂದಿತ್ತು. ಆಮೇಲಿನವನ್ನು ಅವಳು ಹಟ ಹಿಡಿದು ತರಿಸಿಕೊಂಡಳು.

ಅವಳು ಇಂಗ್ಲಿಷ್ ಮೀಡಿಯಂ. ನಾನು ಓದಿದ್ದೆಲ್ಲ ಕನ್ನಡದಲ್ಲಿ, ನೆಲಮಂಗಲದ ಆಚೆಯ ಹಳ್ಳಿಯ ಶಾಲೆಯಲ್ಲಿ. ಮದುವೆಯಾಗಿ ನಾಗಸಂದ್ರಕ್ಕೆ ಬಂದ ಮೇಲೆ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ಈಗ ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಯಾವ ಲಾರಿಗೆ ಯಾವ ಪೆಟ್ಟಿಗೆ ಮೊದಲು ಏರಬೇಕು ಅನ್ನುವುದು ನನ್ನ ಕೆಲಸ. ಇಂಗ್ಲಿಷ್ ಓದುವುದರಲ್ಲಿ ನಾಲ್ಕನೇ ಕ್ಲಾಸಿನ ಮಗಳೇ ನನಗಿಂತ ಚುರುಕು. ಆದರೂ ಕಥೆ ನಾನೇ ಹೇಳಬೇಕಿತ್ತು. "ಓದೋದು ಸ್ಕೂಲಿಗೆ ಅಮ್ಮ. ಕಥೆ ಕೇಳೋಕೆ," ಅನ್ನುತ್ತಿದ್ದಳು.

ಹಾಗಾಗಿ ಊಟವಾದ ಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಕಣ್ಣು ಇಂಗ್ಲಿಷಿನ ಸಾಲಿನ ಮೇಲೆ, ಬಾಯಿ ಕನ್ನಡದಲ್ಲಿ. ಗೊತ್ತಿಲ್ಲದ ಪದ ಬಂದರೆ ಹಾರಿಸಿಬಿಡುತ್ತಿದ್ದೆ, ಇಲ್ಲವೇ ಅಲ್ಲಿಗೆ ಹೊಂದುವಂಥದ್ದು ಏನಾದರೂ ಸೇರಿಸುತ್ತಿದ್ದೆ. ಕಷ್ಟವಾಗುತ್ತಿದ್ದದ್ದು ದೊಡ್ಡ ಪದಗಳಲ್ಲ. 'ಯೂ' ಅನ್ನುವ ಸಣ್ಣ ಪದ. ಇಂಗ್ಲಿಷಿನಲ್ಲಿ ರಾಜನಿಗೂ ಯೂ, ನಾಯಿಗೂ ಯೂ. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲು ತೀರ್ಮಾನವಾಗಬೇಕು, ಯಾರು ಯಾರಿಗೆ ನೀನು, ಯಾರಿಗೆ ನೀವು ಅಂತ. ಆ ತೀರ್ಮಾನ ಬರೆದವರದ್ದಲ್ಲ, ನನ್ನದು. ಹುಡುಗಿಯರು ಕೊಕ್ಕರೆಗೆ ನೀವು ಅನ್ನಬೇಕು, ಕೊಕ್ಕರೆ ಅವರಿಗೆ ನೀನು ಅನ್ನುತ್ತದೆ ಎಂದು ಮೊದಲ ದಿನವೇ ಗೊತ್ತು ಮಾಡಿದೆ. ಅದಕ್ಕೆ ನಮ್ಮ ಅಜ್ಜನ ಮಾತು ಕೊಟ್ಟೆ. "ಯಾಕ್ ಮಗಾ, ಇಂಗ್ ನೆನ್ಕಂಡ್ ಬಂದೀಯ?" ಅಂತ ಕೊಕ್ಕರೆ ಕೇಳಿದರೆ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮೂರನೇ ಪುಸ್ತಕದಲ್ಲಿ ಆ ಅಂಗಡಿ ನರಿ ಹುಡುಗಿಯರನ್ನು ಒಬ್ಬೊಬ್ಬಳಾಗಿ ಒಳಗೆ ಕರೆದು ಕೂರಿಸುತ್ತದೆ. ಕರೆಯುವಾಗ ನೀವು, ನೀವು ಎಂದು ಅದರ ಬಾಯಲ್ಲಿ ಬೆಣ್ಣೆ ಸುರಿಸಿದೆ. ಬಾಗಿಲಿಗೆ ಚಿಲಕ ಹಾಕಿದ ಕೂಡಲೇ ಅಕ್ಕನಿಗೆ "ಇನ್ನು ನೀನು ಎಲ್ಲಿಗೆ ಹೋಗ್ತೀಯ?" ಅನ್ನಿಸಿದೆ. ಮಗಳು ನನ್ನ ತೋಳು ಹಿಡಿದುಕೊಂಡು, "ಅಮ್ಮ, ಇವನು ಕಳ್ಳ," ಅಂದಳು. ಕಳ್ಳ ಅಂತ ಪುಸ್ತಕದಲ್ಲಿ ಇನ್ನೂ ಬಂದಿರಲಿಲ್ಲ, ಹತ್ತು ಪುಟ ಆದ ಮೇಲೆ ಬರುವುದಿತ್ತು. ಕಾರ್ಖಾನೆಯಲ್ಲಿ ಎಷ್ಟು ವರ್ಷ ದುಡಿದರೂ ಅಂಥ ಹೆಮ್ಮೆ ನನಗೆ ಒಂದು ದಿನವೂ ಆಗಿಲ್ಲ.

ಐದನೇ ಪುಸ್ತಕ ಬಂದದ್ದು ಮಾರ್ಚಿನಲ್ಲಿ. ಮಾರ್ಚ್ ಅಂದರೆ ಪೀಣ್ಯದಲ್ಲಿ ಯಾವ ಡಿಸ್ಪ್ಯಾಚಿನವರಿಗೂ ಮನೆ ನೆನಪಿರುವುದಿಲ್ಲ. ವರ್ಷದ ಲೆಕ್ಕ ಮುಗಿಯುವ ಮೊದಲು ಗೋಡೌನ್ ಖಾಲಿಯಾಗಬೇಕು. ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಂತಿರುತ್ತವೆ. ಮನೆಗೆ ಬಂದು ತಟ್ಟೆ ಎದುರು ಕೂತರೆ ಕಣ್ಣು ಎಳೆಯುತ್ತಿತ್ತು. "ಲೋಡಿಂಗ್ ಮುಗೀಲಿ ಪುಟ್ಟ, ಶುರು ಮಾಡೋಣ," ಅಂದೆ. ಬೇಡ ಅನ್ನಲಿಲ್ಲ, ಇರು ಅಂದೆ, ಅಷ್ಟೇ.

ಅದೇ ಸಮಯಕ್ಕೆ ಎರಡನೇ ಮಹಡಿಗೆ ಜಮಖಂಡಿ ಕಡೆಯವರು ಬಾಡಿಗೆಗೆ ಬಂದಿದ್ದರು. ನನ್ನ ಗಂಡನ ಮನೆಯವರು ಈ ಊರಿನ ಮೂಲದವರು. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈ ಮೂರಂತಸ್ತಿನ ಮನೆ ಎದ್ದಿರುವುದು. ಕೆಳಗೆ ನಾವು, ಮೇಲೆಲ್ಲ ಬಾಡಿಗೆ. ಹೊಸದಾಗಿ ಬಂದವರಲ್ಲಿ ಗಂಡ ಮಷೀನ್ ಶಾಪ್ ಒಂದರಲ್ಲಿ ಸೂಪರ್‌ವೈಸರ್. ಹೆಂಡತಿ ಜಮಖಂಡಿಯಲ್ಲಿ ಕಾನ್ವೆಂಟಿನಲ್ಲಿ ಪಾಠ ಮಾಡುತ್ತಿದ್ದವರು, ಇಲ್ಲಿ ಇನ್ನೂ ಕೆಲಸ ಹುಡುಕುತ್ತಿದ್ದರು. ಮಗ ಧಾರವಾಡದ ಹಾಸ್ಟೆಲಿನಲ್ಲಿ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಆದರೆ ನಾನು ಓನರ್ ಅಂತಲೋ ಏನೋ, ಎದುರಾದಾಗಲೆಲ್ಲ "ಅಕ್ಕಾರ, ಆರಾಮ್ರೀ?" ಅನ್ನುತ್ತಿದ್ದರು. ಆಗ ನನಗೆ ಅವರ ಮೇಲೆ ಏನೂ ಇರಲಿಲ್ಲ. ಬಾಡಿಗೆಗೆ ಕೊಟ್ಟವಳೇ ನಾನು.

ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳು ನನ್ನ ತಟ್ಟೆ ನೋಡಿ, "ಯಾಕ್ರೀ, ಉಣ್ಣಾಕ ಒಲ್ರೇನು?" ಅಂದಳು.

ಎಲ್ಲಿ ಕಲಿತೆ ಅಂತ ಕೇಳಿದೆ.

"ಕೊಕ್ಕರೆ ಹಂಗಂತು."

"ಯಾವ ಕೊಕ್ಕರೆ?"

"ನಮ್ ಕೊಕ್ಕರೆನೇ ಅಮ್ಮ. ಐದನೇ ಬುಕ್ಕಲ್ಲಿ. ಮೇಲಿನ ಆಂಟಿ ಓದ್ತಾ ಇದಾರೆ."

ಬಿಡದೆ ಕೆದಕಿ ಕೇಳಿದೆ. ಮಗಳು ಶಾಲೆಯಿಂದ ಬಂದು ನಾನು ಬರುವ ತನಕ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದಳಂತೆ. ಆಕೆ ನೋಡಿ ಒಳಗೆ ಕರೆದರಂತೆ. ಇವಳು ಮೊದಲ ನಾಲ್ಕು ಪುಸ್ತಕದ ಕಥೆಯನ್ನೆಲ್ಲ ಕೂತು ಹೇಳಿದಳಂತೆ. ಐದನೆಯದನ್ನು ಅವರು ಶುರು ಮಾಡಿದರಂತೆ.

"ಆಂಟಿ ಕೊಕ್ಕರೆ ಸಕ್ಕತ್ತಾಗಿದೆ ಅಮ್ಮ. ಅದು ಎಲ್ಲರಿಗೂ ನೀವು ಅನ್ನತ್ತೆ. ಚಿಕ್ಕೋರಿಗೂ."

"ತಪ್ಪು. ಕೊಕ್ಕರೆ ದೊಡ್ಡದು. ಅದು ನೀನು ಅನ್ಬೇಕು."

"ಅವರ ಊರಲ್ಲಿ ಚಿಕ್ಕೋರಿಗೂ ರೀ ಅಂತಾರಂತೆ."

"ಪುಸ್ತಕ ಏನು ಅವರ ಊರಿಂದಾ?"

"ನಿನ್ನ ಊರಿಂದೂ ಅಲ್ವಲ್ಲ ಅಮ್ಮ."

ನನ್ನ ಗಂಡ ಮಜ್ಜಿಗೆ ಅನ್ನ ಕಲಸುತ್ತಾ ನಕ್ಕುಬಿಟ್ಟರು. "ಬುಕ್ಕು ತಾನೇ, ಯಾರು ಓದಿದ್ರೇನು ಬಿಡೆ," ಅಂದರು. ಅವರ ಜೊತೆ ನಾನು ಎರಡು ದಿನ ಮಾತಾಡಲಿಲ್ಲ.

ಮಾರನೇ ದಿನ ಕಣ್ಣು ಎಳೆದರೂ ಬಿಡದೆ, "ಇವತ್ತು ನಾನೇ ಓದ್ತೀನಿ ಬಾ," ಅಂತ ಕರೆದೆ. ಮಗಳು ಬಂದಳು. ಪಕ್ಕಕ್ಕೆ ಒರಗಿ ಕೂತಳು. ನಿಲ್ಲಿಸಿದ್ದ ಪುಟದಿಂದ ಶುರು ಮಾಡಿ ಕೊಕ್ಕರೆಯ ಮಾತು ಬಂದ ಕಡೆ, "ಯಾಕ್ ಮಗಾ, ಇಷ್ಟ್ ಲೇಟು?" ಅಂದೆ. ಅವಳು ನಗಲಿಲ್ಲ. "ಅಮ್ಮ, ಕೊಕ್ಕರೆ ಹಂಗೆ ಮಾತಾಡಲ್ಲ," ಅಂದಳು.

"ಮತ್ತೆ ಹೆಂಗೆ ಮಾತಾಡತ್ತೆ?"

ಅವಳು ಕುತ್ತಿಗೆ ಉದ್ದ ಮಾಡಿ, ಕಣ್ಣು ಅರ್ಧ ಮುಚ್ಚಿ, "ಯಾಕ್ರೀ ಸಣ್ಣಕ್ಕಾರ, ಇಷ್ಟ್ಯಾಕ ತಡಾ ಮಾಡಿದ್ರಿ? ನಿಮ್ಮ ದಾರಿ ನೋಡಿ ನೋಡಿ ಕಾಲು ಸೋತು ಹೋದ್ವು," ಅಂದಳು. ಹೇಳಬಾರದು, ಆದರೆ ಹೇಳುತ್ತೇನೆ. ಕೊಕ್ಕರೆ ಕಣ್ಣಿಗೆ ಕಟ್ಟಿದ ಹಾಗೆ ಬಂತು. ನನ್ನ ಅಜ್ಜನ ಮಾತಿನ ಕೊಕ್ಕರೆ ಅದರ ಎದುರು ಕೋಳಿ. ನನಗೆ ನಿದ್ದೆ ಬಂತು ಎಂದು ಪುಸ್ತಕ ಮುಚ್ಚಿದೆ.

ಆಮೇಲೆ ನನ್ನ ಭಾನುವಾರಗಳೆಲ್ಲ ಟೆರೇಸಿನ ಮೇಲೆ ಕಳೆದವು. ಟೆರೇಸಿಗೆ ಹೋಗುವ ದಾರಿಯಲ್ಲೇ ಅವರ ಬಾಗಿಲು. ಬಟ್ಟೆ ಒಣಗಿಸುವ ನೆಪ ಮಾಡಿಕೊಂಡು ಹತ್ತುತ್ತಿದ್ದೆ. ಒಣಗಿಸಲು ಬಟ್ಟೆ ಸಾಲದೆ ಒಗೆದು ಮಡಚಿಟ್ಟಿದ್ದ ಬೆಡ್‌ಶೀಟನ್ನೇ ನೆನೆಸಿಕೊಂಡು ಹೋದದ್ದೂ ಉಂಟು. ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಒಳಗಿಂದ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿದ್ದಂತೆ ಆಕೆಯ ದನಿ ಶುರುವಾಗುತ್ತಿತ್ತು. ದನಿಯಾದರೂ ಕೆಟ್ಟದಾಗಿದ್ದರೆ ನಾನು ನೆಮ್ಮದಿಯಾಗಿ ಇರುತ್ತಿದ್ದೆ. ಬಕೆಟ್ ಹಿಡಿದು ಮೆಟ್ಟಿಲ ಮೇಲೆ ನಿಂತವಳಿಗೆ ಮುಂದೇನಾಯಿತು ಅಂತ ನನಗೇ ಕುತೂಹಲವಾಗಿ, ಅದಕ್ಕೆ ಇನ್ನಷ್ಟು ಮೈ ಉರಿಯುತ್ತಿತ್ತು.

ಆಕೆ ನನ್ನ ಮಗಳಿಗೂ ರೀ ಅನ್ನುತ್ತಿದ್ದರು. "ಸಣ್ಣಕ್ಕಾರ, ಚಾ ಕುಡೀತೀರೇನು?" "ಕೇಳಾಕತ್ತೀರಿಲ್ಲೋ?" ಅದನ್ನು ಕೇಳಿ ಮಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದಳು. ಓನರ್ ಮಗಳು ಅಂತ ಮರ್ಯಾದೆ ಕೊಡುತ್ತಿದ್ದಾರೆ, ಅದರಲ್ಲಿ ಪ್ರೀತಿ ಏನಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಮನೆ ಖಾಲಿ ಮಾಡಿಸಿಬಿಟ್ಟರೆ ಹೇಗೆ ಎಂಬ ಯೋಚನೆಯೂ ಬಂತು. ಕಾರಣ ಏನಂತ ಹೇಳುವುದು? ಕೊಕ್ಕರೆಗೆ ಬಹುವಚನ ಹಚ್ಚಿದ್ದಕ್ಕೆ ಬಾಡಿಗೆದಾರರನ್ನು ಬಿಡಿಸಿದವರು ತುಮಕೂರು ರಸ್ತೆಯಲ್ಲೇ ಯಾರೂ ಇರಲಿಕ್ಕಿಲ್ಲ.

ಆ ರಾತ್ರಿಯ ನಂತರ ಪುಸ್ತಕ ನನ್ನ ಕೈಗೆ ಸಿಗುತ್ತಿರಲಿಲ್ಲ, ಅದು ಮೇಲೆಯೇ ಇರುತ್ತಿತ್ತು. ಫೋನಿನಲ್ಲಿ ಇಳಿಸಿಕೊಂಡೆ. ಮಧ್ಯಾಹ್ನ ಕ್ಯಾಂಟೀನಿನ ಮೂಲೆಯಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು, ಪದಕ್ಕೊಂದು ಅರ್ಥ ಹುಡುಕಿಕೊಂಡು ಓದಿದೆ. ಅವರಿಗಿಂತ ಮುಂದೆ ಇರಬೇಕು ಅನ್ನುವುದೊಂದೇ ನನ್ನ ಹಟ. ಹಾಗೆ ಓದುತ್ತಾ ಒಂದು ದಿನ, ಕೊನೆಯ ಅಧ್ಯಾಯಕ್ಕೆ ಸ್ವಲ್ಪ ಮೊದಲು, ಕೈ ಡಬ್ಬಿಯಲ್ಲೇ ನಿಂತಿತು. ಹುಡುಗಿಯರು ಹೊಳೆಗೆ ಇಳಿಯುತ್ತಾರೆ. ಕೊಕ್ಕರೆ ತಂಗಿಗೆ ರೆಕ್ಕೆ ಎತ್ತುತ್ತದೆ. ಅಕ್ಕನನ್ನು ತಡೆಯುತ್ತದೆ. ನೀನು ದೊಡ್ಡವಳಾದೆ, ಇನ್ನು ಯಾವತ್ತೂ ಈ ಹೊಳೆ ನಿನಗೆ ದಾರಿ ಕೊಡುವುದಿಲ್ಲ ಎನ್ನುತ್ತದೆ. ಮುಂದಿನ ಪುಸ್ತಕಗಳಲ್ಲಿ ಅಕ್ಕನೇ ಇಲ್ಲ.

ನನ್ನ ಮಗಳು ಮೊದಲ ಪುಸ್ತಕದಿಂದಲೂ ಅಕ್ಕನ ಪಕ್ಷ. ಒಬ್ಬಳೇ ಮಗಳಾದರೂ ಆಟದಲ್ಲಿ, ಜಗಳದಲ್ಲಿ, ಕನ್ನಡಿಯ ಎದುರು, ಎಲ್ಲ ಕಡೆ ತಾನೇ ಆ ಅಕ್ಕ. ಈ ಪುಟ ಬಂದಾಗ ಅವಳು ಅಳುತ್ತಾಳೆ, ಆಗ ಅವಳ ಪಕ್ಕದಲ್ಲಿ ನಾನಿರಬೇಕು ಅಂತ ಆ ಕ್ಷಣವೇ ತೀರ್ಮಾನಿಸಿದೆ. ಬೇರೆ ಪುಟಗಳನ್ನೆಲ್ಲ ಆಕೆ ಇಟ್ಟುಕೊಳ್ಳಲಿ. ಈ ಪುಟ ನನ್ನದು.

ಹೇಗೆ ಓದಬೇಕು ಅನ್ನುವುದೂ ಹೊಳೆಯಿತು. ಇಷ್ಟು ವರ್ಷ ನೀನು, ಮಗಾ ಅಂದ ಕೊಕ್ಕರೆ ಆ ಜಾಗದಲ್ಲಿ ಅಕ್ಕನಿಗೆ 'ನೀವು' ಅನ್ನಬೇಕು. ಮದುವೆಯಾದ ಹೊಸದರಲ್ಲಿ ತವರಿಗೆ ಹೋಗಿದ್ದಾಗ, ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದ ಚಿಕ್ಕಪ್ಪ, "ಬನ್ನಿ, ಕೂತ್ಕೊಳ್ಳಿ," ಅಂದಿದ್ದರು. ಗಂಡ ಜೊತೆಯಲ್ಲಿರಲಿಲ್ಲ. ನನಗೊಬ್ಬಳಿಗೇ ಅಂದದ್ದು. ಈ ಮನೆಗೆ ಇನ್ನು ನಾನು ಹೊರಗಿನವಳು ಎಂದು ಗೊತ್ತಾಗಲು ಅಷ್ಟು ಸಾಕಾಗಿತ್ತು. ಆ ಮರ್ಯಾದೆಯಷ್ಟು ನೋವಿನ ಮಾತನ್ನು ನನಗೆ ಆಮೇಲೆ ಯಾರೂ ಆಡಿಲ್ಲ. ಗೋಡೌನಿನಲ್ಲಿ ಪೆಟ್ಟಿಗೆಗಳ ಮಧ್ಯೆ ಓಡಾಡುತ್ತಾ ಆ ಒಂದು ಸಾಲನ್ನು ಬಾಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಫೋರ್ಕ್‌ಲಿಫ್ಟ್ ಓಡಿಸುವವನು, "ಏನ್ ಮೇಡಂ, ನನಗಾ?" ಅಂತ ಕೇಳಿದ.

ಮಗಳ ಹತ್ತಿರ ದಿನಾ ಎಲ್ಲಿಗೆ ಬಂತು ಕಥೆ ಅಂತ ವಿಚಾರಿಸುತ್ತಿದ್ದೆ. ಇನ್ನು ಹೊಳೆಗೆ ಇಳಿಯುವುದೊಂದೇ ಬಾಕಿ ಅಂತಾದ ಭಾನುವಾರ, ಬಕೆಟ್ ಕೂಡ ಹಿಡಿಯದೆ ಮೇಲೆ ಹೋದೆ.

ಆಕೆ ಗೋಡೆಗೆ ಒರಗಿ ಕೂತಿದ್ದರು. ಮಗಳು ಅವರ ಎದುರು ಚಾಪೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಶೇಂಗಾ ತಿನ್ನುತ್ತಿದ್ದಳು. "ಬರ್ರಿ ಅಕ್ಕಾರ, ಒಳಗ ಬರ್ರಿ," ಅಂತ ಆಕೆ ಎದ್ದು ನಿಂತರು. ಮಗಳು ಮಲಗಿದಲ್ಲಿಂದಲೇ ತಲೆ ತಿರುಗಿಸಿ, "ಬರ್ರಿ, ಕೂಡ್ರಿ," ಅಂದಳು. ಅವಳಿಗೆ ಅದು ಆಟ. ನಾನು ನನ್ನದೇ ಮನೆಯ ನೆಲದ ಮೇಲೆ ನೆಂಟರ ಹಾಗೆ ಕೂತೆ.

"ನೀವ ಬಂದದ್ದು ಭಾಳ ಛಲೋ ಆತ್ರಿ," ಅಂದರು ಆಕೆ. ದನಿ ಇಳಿಸಿ, "ಮುಂದಿಂದು ನಿನ್ನೆ ಸುಮ್ನ ತಿರುವಿ ನೋಡಿದ್ನಿ. ಅದನ್ನ ಈ ಹುಡುಗಿ ಮುಂದ ಓದಾಕ ನನ್ನ ಕೈಲೆ ಆಗೂದಿಲ್ರಿ. ನೀವ ಓದ್ರಿ. ನಿಮ್ಮ ಕೊಕ್ಕರೆ ಬಗ್ಗೆ ದಿನಾ ಹೇಳ್ತಾರ ಈ ಸಣ್ಣಕ್ಕಾರು," ಅಂತ ಪುಸ್ತಕವನ್ನು ನನ್ನ ಕೈಗಿಟ್ಟರು.

ಕಿತ್ತುಕೊಳ್ಳಲು ಬಂದದ್ದನ್ನು ಹೀಗೆ ಕೈಯಾರೆ ಕೊಟ್ಟುಬಿಟ್ಟರೆ ಏನು ಮಾಡುವುದು? ಥ್ಯಾಂಕ್ಸ್ ಕೂಡ ಹೇಳದೆ ಓದಲು ಶುರು ಮಾಡಿದೆ. ಚೆನ್ನಾಗಿಯೇ ಓದಿದೆ. ಹೊಳೆಯ ನೀರು ತಣ್ಣಗಿತ್ತು ಅಂದೆ, ಅಕ್ಕನ ಲಂಗ ನೆನೆಯಿತು ಅಂದೆ. ಮಗಳು ಶೇಂಗಾ ಬಿಟ್ಟು ಎದ್ದು ಕೂತಳು. ಕೊಕ್ಕರೆ ತಂಗಿಗೆ ರೆಕ್ಕೆ ಎತ್ತಿತು. ಆಮೇಲೆ ಅಕ್ಕನ ಕಡೆ ತಿರುಗಿತು. ನಾನು ಒಂದು ಉಸಿರು ತೆಗೆದುಕೊಂಡು, ವಾರವಿಡೀ ಕಾಪಾಡಿಟ್ಟಿದ್ದ ಸಾಲನ್ನು ನಿಧಾನವಾಗಿ ಹೇಳಿದೆ.

"ಇನ್ನು ನೀವು ಬರಂಗಿಲ್ಲ. ನೀವು ದೊಡ್ಡೋರಾದ್ರಿ."

ಹೇಳಿ ಮಗಳ ಮುಖ ನೋಡಿದೆ.

"ಆಮೇಲೆ?" ಅಂದಳು.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಒತ್ತಿ ಹೇಳಿದೆ. "ನೀವು ದೊಡ್ಡೋರಾದ್ರಿ."

"ಗೊತ್ತಾಯ್ತಮ್ಮ. ಅಕ್ಕ ಹೋಗಂಗಿಲ್ಲ. ತಂಗಿ ಹೋಗ್ತಾಳೆ ತಾನೇ? ಮುಂದಕ್ಕೆ ಓದು."

ಆಗ ನನಗೆ ಅರ್ಥವಾಯಿತು. ಈ ಕೋಣೆಯಲ್ಲಿ ಕೊಕ್ಕರೆ ಮೊದಲಿಂದಲೂ ಎಲ್ಲರಿಗೂ ನೀವು ಅಂದಿದೆ. ಈ ಚಾಪೆಯ ಮೇಲೆ ನೀವು ಅಂದರೆ ಬನ್ನಿ, ಚಾ ಕುಡಿಯಿರಿ, ಹತ್ತಿರ ಕೂರಿ ಅಂತಲೇ ಹೊರತು ಹೋಗಿ ಅಂತಲ್ಲ. ನಾನು ಇಷ್ಟು ದಿನ ಮಸೆದ ಚಾಕು ಇಲ್ಲಿ ಬೆಣ್ಣೆ ಸವರುವುದಕ್ಕಷ್ಟೇ ಬರುತ್ತಿತ್ತು.

"ಅಕ್ಕ ಈಗ ಏನ್ ಮಾಡ್ತಾಳೆ ಅಮ್ಮ?"

"ದಡದಲ್ಲಿ ನಿಂತ್ಕೊಂಡು ನೋಡ್ತಾಳೆ."

"ಪಾಪ," ಅಂದಳು, ಬಸ್ಸಿನಲ್ಲಿ ಸೀಟು ಸಿಗದವರಿಗೆ ಅನ್ನುವ ಹಾಗೆ. "ನಾನಂತೂ ಈಗ ತಂಗಿ. ಮುಂದಿನ ಬುಕ್ಕಲ್ಲಿ ಅವಳೇ ಅಲ್ವಾ ಹೋಗೋದು?"

ನಾನು ಮುಂದಿನ ಸಾಲಿಗೆ ಕಣ್ಣು ಹಾಯಿಸಿದೆ. ತಂಗಿ ನೀರಿನಲ್ಲಿ ದೂರ ಹೋಗುತ್ತಿದ್ದಾಳೆ, ತಿರುಗಿ ನೋಡಲು ಮರೆತಿದ್ದಾಳೆ ಅಂತಿತ್ತು. ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ಅಕ್ಷರಗಳು ಕಲಸಿಕೊಂಡವು. ಅಳುತ್ತಿರುವವಳು ನಾನು ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಮಗಳು ಗಾಬರಿಯಾಗಿ ಆಂಟಿಯ ಕಡೆ ನೋಡಿದಳು. ನನ್ನ ಕಡೆ ಅಲ್ಲ, ಆಂಟಿಯ ಕಡೆ. ಅದನ್ನೂ ನಾನು ಗಮನಿಸಿದೆ.

ಆಕೆ ಪಕ್ಕಕ್ಕೆ ಬಂದು ಕೂತು, ನನ್ನ ಕೈಯಿಂದ ಪುಸ್ತಕ ಬಿಡಿಸಿ ಕೆಳಗಿಟ್ಟು, ಬೆನ್ನಿನ ಮೇಲೆ ಕೈ ಹಾಕಿದರು. "ಯಾಕ ತಂಗಿ, ಯಾಕ ಅಳ್ತಿ? ನೀ ಅಳಬ್ಯಾಡ. ಬಾ ಇಲ್ಲೆ," ಅಂದರು.

ಅಕ್ಕಾರ ಇಲ್ಲ, ರೀ ಇಲ್ಲ. ಮದುವೆಯಾದ ಮೇಲೆ ನನ್ನನ್ನು ಹಾಗೆ ಬಾ ಎಂದು ಕರೆದು ಪಕ್ಕಕ್ಕೆ ಎಳೆದುಕೊಂಡವರು ಯಾರೂ ನೆನಪಿಗೆ ಬರಲಿಲ್ಲ. ಓನರ್ ಅನ್ನುವುದನ್ನೆಲ್ಲ ಬಿಟ್ಟು ಬಾಡಿಗೆಯವರ ಭುಜಕ್ಕೆ ಮುಖ ಒತ್ತಿ ಅತ್ತೆ. ಅವರ ಸೆರಗಿನಲ್ಲಿ ಜೋಳದ ಹಿಟ್ಟಿನ ವಾಸನೆ ಇತ್ತು. ಮಗಳು ಶಾಲೆ ಬಿಟ್ಟ ಕೂಡಲೇ ಈ ಮೆಟ್ಟಿಲು ಯಾಕೆ ಹತ್ತುತ್ತಾಳೆ ಅಂತ ಆವತ್ತು ಗೊತ್ತಾಯಿತು. ಗೊತ್ತಾದರೆ ಹೊಟ್ಟೆಕಿಚ್ಚು ತಣ್ಣಗಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಇಷ್ಟು ದಿನ ಇದೆಲ್ಲ ಅವಳೊಬ್ಬಳಿಗೇ ಸಿಕ್ಕಿತಲ್ಲ ಎಂದು ಮಗಳ ಮೇಲೂ ಸ್ವಲ್ಪ ಉರಿಯಿತು.

ಕಣ್ಣು ಒರೆಸಿಕೊಂಡು ತಲೆ ಎತ್ತಿದಾಗ ಮಗಳು ನಮ್ಮ ಎದುರು ಬಂದು ನಿಂತಿದ್ದಳು. ಮುಖ ಊದಿಸಿಕೊಂಡಿದ್ದಳು.

"ಆಂಟಿ, ನೀವು ನನಗೆ ಯಾವತ್ತೂ ನೀ ಅಂದೇ ಇಲ್ಲ," ಅಂದಳು.

ಆಕೆ ಏನೋ ಹೇಳಲು ಹೋದರು. ಅದಕ್ಕೂ ಕಾಯದೆ ಮಗಳು ಮೊಣಕೈ ಮುಂದೆ ಮಾಡಿಕೊಂಡು ನಮ್ಮಿಬ್ಬರ ನಡುವೆ ತೂರಿ, ಜಾಗ ಮಾಡಿಕೊಂಡು ಕೂತಳು. ಅವಳು ಬಿಡಿಸಲು ಬಂದದ್ದು ಆಂಟಿಯನ್ನು ನನ್ನಿಂದಲೋ, ನನ್ನನ್ನು ಆಂಟಿಯಿಂದಲೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೇಳುವ ಧೈರ್ಯವೂ ಇಲ್ಲ.